ಅಳತೆ ಕಲಿಸುವ ವಿಮಾನ

1951ರಲ್ಲಿ ಬೆಂಗಳೂರಿನಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ ಹಾರಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ವಿ. ಎಂ. ಘಾಟಗೆ. ತೇಜಸ್ ಯುದ್ಧವಿಮಾನವನ್ನು ಬಲ್ಲ ನಮ್ಮ ಮಕ್ಕಳಿಗೆ ಈ ಹಿರಿಯ ವಿಮಾನದ ಹೆಸರೇ ಗೊತ್ತಿಲ್ಲ. ರಾಯಚೂರು, ದೇವದುರ್ಗ, ಮಾನ್ವಿಯ ಶಾಲೆಗಳಲ್ಲಿ ಮಕ್ಕಳೇ ರಟ್ಟು, ಬಿದಿರುಕಡ್ಡಿ, ಅಂಟು ಬಳಸಿ ಇದರ ಮಾದರಿಯನ್ನು ಮೊದಲಿನಿಂದ ಕಟ್ಟಬೇಕು ಎಂಬುದು ನನ್ನ ಮಾತು.

ಕಾರಣವಿದೆ. ಈ ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 10.7 ಮೀಟರ್. ಇಪ್ಪತ್ತನೇ ಒಂದು ಪಾಲಿಗೆ ಇಳಿಸಿದರೆ ಮಾದರಿ ಸುಮಾರು 53 ಸೆಂಟಿಮೀಟರ್ ಆಗುತ್ತದೆ. ಆದರೆ ರೆಕ್ಕೆಯ ವಿಸ್ತೀರ್ಣ 400ನೇ ಒಂದು ಪಾಲಿಗೂ, ಗಾತ್ರ 8000ನೇ ಒಂದು ಪಾಲಿಗೂ ಇಳಿಯುತ್ತದೆ. ಉದ್ದ, ವಿಸ್ತೀರ್ಣ, ಗಾತ್ರಗಳು ಒಂದೇ ಲೆಕ್ಕದಲ್ಲಿ ಕುಗ್ಗುವುದಿಲ್ಲ ಎಂಬ ಗಣಿತ ಕತ್ತರಿ ಹಿಡಿದ ಕೈಗೆ ತಾನಾಗಿ ಅರ್ಥವಾಗುತ್ತದೆ. ಒಂದರ ಹಿಂದೊಂದು ಆಸನ ಏಕೆ, ಮಡಚದ ಗಾಲಿ ಏಕೆ ಎಂಬ ಪ್ರಶ್ನೆಗಳೂ ಹುಟ್ಟುತ್ತವೆ.

ಅಂಗಡಿಯಲ್ಲಿ ಸಿದ್ಧ ಬಿಡಿಭಾಗಗಳು ಸಿಗುವಾಗ ಈ ಶ್ರಮ ಏಕೆ ಎನ್ನಬಹುದು. ಸಿದ್ಧ ಭಾಗಗಳನ್ನು ಜೋಡಿಸುವವನು ಸೂಚನೆ ಪಾಲಿಸುತ್ತಾನೆ. ಮೊದಲಿನಿಂದ ಕಟ್ಟುವವನು ಪ್ರತಿ ಅಳತೆಯನ್ನೂ ತಾನೇ ನಿರ್ಧರಿಸುತ್ತಾನೆ. ಪರೀಕ್ಷೆಗೆ ಇದರಿಂದ ಅಂಕ ಬರುವುದಿಲ್ಲ ಎಂಬ ಆಕ್ಷೇಪವೂ ಉಂಟು. ಅನುಪಾತ, ಕೋನ, ಸಮತೋಲ ಇವೆಲ್ಲ ಪಠ್ಯದಲ್ಲೇ ಇವೆ. ಅವು ಮನಸ್ಸಿನಲ್ಲಿ ನಿಲ್ಲಬೇಕಾದರೆ ಕೈಗೂ ಕೆಲಸ ಬೇಕು. ಬೆಂಗಳೂರಿನ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ನ ವಸ್ತುಸಂಗ್ರಹಾಲಯದಲ್ಲಿ ನಿಜವಾದ ಎಚ್‌ಟಿ-2 ಇದೆ. ಮಾದರಿ ಕಟ್ಟಿದ ಮಗು ಅದರ ಮುಂದೆ ನಿಂತರೆ, ವಿಮಾನ ಮಾಡುವುದು ನಮ್ಮಂಥವರಿಗೂ ಸಾಧ್ಯ ಎಂದು ನಂಬುತ್ತದೆ. ಆ ನಂಬಿಕೆಯನ್ನು ಬೆಳೆಸುವುದು ಶಾಲೆಯ ಕರ್ತವ್ಯ.