ನಡುವಯಸ್ಸಿನ ಸಮಾಜಶಾಸ್ತ್ರಾಧ್ಯಯನ

ಗೃಹಕೃತ್ಯಗಳೆಲ್ಲ ಮುಗಿದ ಮೇಲೆ ‘ಸ್ವಯಂ’ ಜಾಲತಾಣದ ಸಮಾಜಶಾಸ್ತ್ರ ಪಾಠಗಳನ್ನು ಮೊಬೈಲಿನಲ್ಲಿ ಆಲಿಸುವ ನಡುವಯಸ್ಸಿನ ವಿದ್ಯಾರ್ಥಿನಿಗೆ ತರುಣರಿಗಿಲ್ಲದ ಸಂಪತ್ತೊಂದುಂಟು. ಅದು ಆಕೆ ಬಾಳಿ ಕಂಡ ಸಮಾಜದ ಸ್ಮೃತಿ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ, ತಾವು ರಾಮಪುರವೆಂದು ಕರೆದ ಗ್ರಾಮದಲ್ಲಿ ನೆಲೆಸಿ ಸಂಗ್ರಹಿಸಿ, ಅನಂತರ ಬಹುಕಾಲ ಶ್ರಮಿಸಿ ಸಂಸ್ಕರಿಸಿದ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಅಗ್ನಿಗಾಹುತಿಯಾದಾಗ, ಅವರು ಬಹುಮಟ್ಟಿಗೆ ನೆನಪನ್ನೇ ಆಶ್ರಯಿಸಿ, 1976ರಲ್ಲಿ ಪ್ರಕಟವಾದ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಗ್ರಂಥವನ್ನು ರಚಿಸಿದರಲ್ಲವೆ! ಭೂಮಿ, ಸಂಖ್ಯಾಬಲಗಳಿಂದ ಊರನ್ನಾಳುವ ಪ್ರಬಲ ಜಾತಿಯ ಕುರಿತ ಅವರ ವಿವೇಚನೆಯನ್ನು ಓದುವಾಗ, ತಾನು ಹಿಂದೆ ಕಂಡ ಮದುವೆಯ ಪಂಕ್ತಿಯಲ್ಲಿ ಮೊದಲು ಕುಳಿತವರಾರು, ಹೊರಗೆ ಕಾದವರಾರು ಎಂಬುದು ಆಕೆಗೆ ವಿಧಿಲಿಖಿತವೆನಿಸದೆ, ಮನುಷ್ಯನಿರ್ಮಿತ ವ್ಯವಸ್ಥೆಯಾಗಿಯೇ ಗೋಚರಿಸುತ್ತದೆ. ಅಂಕಗಳಿಗಿಂತ ಈ ದರ್ಶನವನ್ನೇ ನಾನು ಹಿರಿದೆಂದು ಎಣಿಸುತ್ತೇನೆ. ಏಕಾಂತದ ಈ ಕಲಿಕೆಯಲ್ಲಿ ಸಹಪಾಠಿಗಳ ವಾದವಿವಾದಕ್ಕೆ ಎಡೆ ಅತ್ಯಲ್ಪವಾದುದರಿಂದ, ಅಂದು ಹೊರಗೆ ಕಾದಿದ್ದವರನ್ನೇ ಆಕೆ ಕೇಳಿ ತಿಳಿಯಬೇಕಾಗಿದೆ.