ಹಳೆಯ ಕಾರಿಗೆ ಹೊಸ ತಂಪು



ಹುಬ್ಬಳ್ಳಿ-ಧಾರವಾಡದ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಒಂದೆರಡು ಮನೆಗಳ ಮುಂದೆ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರು ನಿಂತಿರುವುದನ್ನು ನೀವು ಕಂಡಿರಬಹುದು. ಅಜ್ಜನ ಕಾಲದ್ದು, ಮಾರಲು ಯಾರಿಗೂ ಮನಸ್ಸಿಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಅದರಲ್ಲಿ ಕುಳಿತು ಹೋಗಲೂ ಮನಸ್ಸಿಲ್ಲ. ಆಗ ಮನೆಯಲ್ಲಿ ಒಬ್ಬರಾದರೂ ಕೇಳುತ್ತಾರೆ: "ಇದಕ್ಕೊಂದು ಎ.ಸಿ. ಕೂಡಿಸಿದ್ರ ಆಗೂದಿಲ್ಲೇನು?"

ಆಗುತ್ತದೆ. ಆದರೆ ಈ ಪ್ರಶ್ನೆಯನ್ನು ಮೊದಲು ಎಂಜಿನ್ನಿಗೆ ಕೇಳಬೇಕು.

ಹರವಿಯ ನೀರು ಬೇಸಿಗೆಯಲ್ಲಿ ತಣ್ಣಗಿರುವುದೇಕೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಉಷ್ಣವನ್ನು ಕಸಿದುಕೊಂಡು ಹೋಗುತ್ತದೆ. ಎ.ಸಿ. ಮಾಡುವುದೂ ಇದನ್ನೇ. ವ್ಯತ್ಯಾಸವಿಷ್ಟೆ: ಇಲ್ಲಿ ಆವಿಯಾದ ದ್ರವ ಗಾಳಿಗೆ ಹೋಗದೆ ಕೊಳವೆಯಲ್ಲೇ ಸುತ್ತುತ್ತದೆ. ಡ್ಯಾಶ್‌ಬೋರ್ಡ್ ಕೆಳಗಿನ ಸುರುಳಿಯಲ್ಲಿ ಅದು ಆವಿಯಾಗಿ ಉಷ್ಣವನ್ನು ಹೀರುತ್ತದೆ; ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ; ರೇಡಿಯೇಟರ್ ಮುಂದಿನ ಕಂಡೆನ್ಸರಿನಲ್ಲಿ ಅದು ಉಷ್ಣವನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ಅಂದರೆ ಎ.ಸಿ. ತಂಪನ್ನು ತಯಾರಿಸುವುದಿಲ್ಲ. ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಹಾಕುವ ಹಮಾಲಿ ಕೆಲಸ ಅದರದು. ಹಮಾಲಿಗೆ ಕೂಲಿ ಕೊಡಬೇಕಾದದ್ದು ಎಂಜಿನ್.

ಎಷ್ಟು ಕೂಲಿ? ಒಂದು ಸಣ್ಣ ಲೆಕ್ಕ ಹಾಕೋಣ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಉಷ್ಣ ಹೊರಬರುತ್ತದೆ, ಐವರಿಗೆ 500. ನಡುಹಗಲ ಬಿಸಿಲು ಚದರ ಮೀಟರಿಗೆ ಹೆಚ್ಚು ಕಡಿಮೆ 1000 ವ್ಯಾಟ್. ಅದು ಗಾಜಿನ ಮೂಲಕ ನೇರ ಒಳಗೆ ಬರುತ್ತದೆ. ಮೇಲೆ ಕಾದ ತಗಡಿನ ಛಾವಣಿ, ಮುಂದೆ ಎಂಜಿನ್ನಿನ ಝಳ. ಇದನ್ನೆಲ್ಲ ಹೊರಹಾಕಲು ಸುಮಾರು ಒಂದು ಟನ್ನಿನ, ಅಂದರೆ ಮೂರೂವರೆ ಕಿಲೋವ್ಯಾಟಿನ ಎ.ಸಿ. ಬೇಕು. ಅದರ ಕಂಪ್ರೆಸರ್ ಪೂರ್ತಿ ದುಡಿಯುವಾಗ ಮೂರು-ನಾಲ್ಕು ಅಶ್ವಶಕ್ತಿ ತಿನ್ನುತ್ತದೆ. ಪದ್ಮಿನಿಯ 1089 ಸಿ.ಸಿ. ಎಂಜಿನ್ನಿನ ಗರಿಷ್ಠ ಶಕ್ತಿಯೇ ಸುಮಾರು 40 ಅಶ್ವಶಕ್ತಿ, 1489 ಸಿ.ಸಿ. ಅಂಬಾಸಿಡರಿನದು ಸುಮಾರು 50. ಅದೂ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಸಿಗ್ನಲ್‌ನಲ್ಲಿ ನಿಂತು ಗುರುಗುಟ್ಟುವಾಗ ಇದರ ಸಣ್ಣ ಪಾಲೂ ಇರುವುದಿಲ್ಲ, ಎ.ಸಿ. ಹಾಕಿದ ಕೂಡಲೇ ಎಂಜಿನ್ ಕೆಮ್ಮಿ ನಿಂತುಬಿಡಬಹುದು. (ಕೊನೆಯ ವರ್ಷಗಳಲ್ಲಿ ಎ.ಸಿ. ಸಹಿತವೇ ಬಂದ ಅಂಬಾಸಿಡರ್‌ಗಳಿದ್ದವು. ಅವುಗಳ 1.8 ಲೀಟರ್ ಇಸುಜು ಎಂಜಿನ್ನಿನ ಮಾತು ಬೇರೆ.)

ನನ್ನ ಮಟ್ಟಿಗೆ ಇದಕ್ಕಿಂತ ಗಂಭೀರವಾದದ್ದು ರೇಡಿಯೇಟರಿನ ಪಾಡು. ಒಳಗಿನಿಂದ ಹೊತ್ತು ತಂದ ಉಷ್ಣ, ಕಂಪ್ರೆಸರಿನ ದುಡಿಮೆಯ ಉಷ್ಣ, ಎರಡೂ ಸೇರಿ ಸುಮಾರು ಆರು ಕಿಲೋವ್ಯಾಟ್ ರೇಡಿಯೇಟರಿನ ಮುಖದ ಮೇಲೆಯೇ ಬೀಳುತ್ತದೆ. ಏಪ್ರಿಲ್ ಮಧ್ಯಾಹ್ನ ಚೆನ್ನಮ್ಮ ವೃತ್ತದಲ್ಲಿ ಕಾರು ನಿಂತಿದೆ ಎಂದುಕೊಳ್ಳಿ. ಎದುರುಗಾಳಿ ಇಲ್ಲ. ಫ್ಯಾನು ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವುದರಿಂದ ಅದೂ ನಿಧಾನ. ಇನ್ನೊಂದು ಸಂಗತಿ: ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನಲ್ಲಿ ಹಾಗಾಗದಂತೆ ಒತ್ತಡ ಕಾಯುವುದು ಅದರ ಮುಚ್ಚಳ. ಮುಚ್ಚಳದ ರಬ್ಬರ್ ಸವೆದಿದ್ದರೆ ಇಡೀ ಎ.ಸಿ.ಯ ಖರ್ಚು ಆ ಪುಟ್ಟ ರಬ್ಬರಿನ ಮುಂದೆ ಸೋಲುತ್ತದೆ. ಬಾನೆಟ್ ಒಳಗೆ ಕಾವೇರಿದರೆ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಕಾರ್ಬುರೇಟರಿಗೆ ಇಂಧನ ತಲುಪುವುದಿಲ್ಲ. ಹಿಂದಿನ ಚಾಲಕರು ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕಾಗಿಯೇ. ಮತ್ತೆ ಹರವಿಯ ತತ್ವ, ನೋಡಿ!

ಕಾರ್ಯಕ್ರಮವೊಂದರ ಸಲುವಾಗಿ ಹುಬ್ಬಳ್ಳಿಯ ಗ್ಯಾರೇಜೊಂದಕ್ಕೆ ಹೋಗಿದ್ದಾಗ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿದರು: "ಮುದಿ ಎತ್ತಿಗೆ ಇನ್ನೊಂದು ಚಕ್ಕಡಿ ಕಟ್ಟಿದಂಗ್ರೀ ಇದು. ಮೊದಲ ಎತ್ತಿಗೆ ಮೇವು ಹಾಕ್ರಿ." ಮೇವು ಎಂದರೆ ಅವರ ಲೆಕ್ಕದಲ್ಲಿ ದೊಡ್ಡ ರೇಡಿಯೇಟರ್, ಕಂಡೆನ್ಸರಿಗೆ ಪ್ರತ್ಯೇಕ ವಿದ್ಯುತ್ ಫ್ಯಾನು, ಎ.ಸಿ. ಹಾಕಿದಾಗ ಎಂಜಿನ್ನಿನ ವೇಗವನ್ನು ತುಸು ಏರಿಸುವ ಸಾಧನ. ಜೊತೆಗೆ ಡೈನಮೊ ಜಾಗದಲ್ಲಿ ಆಲ್ಟರ್ನೇಟರ್. ಹಳೆಯ ಡೈನಮೊ ಕೊಡುವುದು ಹೆಚ್ಚೆಂದರೆ 20 ಆಂಪಿಯರಿನ ಆಸುಪಾಸು. ಬ್ಲೋವರ್, ಫ್ಯಾನು, ಕಂಪ್ರೆಸರಿನ ಕ್ಲಚ್ ಇವಿಷ್ಟೇ ಅದನ್ನು ಮುಗಿಸುತ್ತವೆ. ರಾತ್ರಿ ಹೆಡ್‌ಲೈಟಿಗೆ ಎಲ್ಲಿಂದ ತರುವುದು?

ಕ್ಲಚ್ ಎಂದೆನಲ್ಲ, ಅದರ ಬೆಲೆ ತಿಳಿಯಬೇಕಾದರೆ ಅಮೆರಿಕದ ಪ್ಯಾಕಾರ್ಡ್ ಕಾರನ್ನು ನೆನೆಯಬೇಕು. ಕಾರ್ಖಾನೆಯಿಂದಲೇ ಎ.ಸಿ. ಹಾಕಿಸಿಕೊಂಡು ಬಂದ ಮೊದಲ ಕಾರು ಅದರ 1940ರ ಮಾದರಿ. ಅದರಲ್ಲಿ ಕ್ಲಚ್ ಇರಲಿಲ್ಲ. ಎ.ಸಿ. ಬೇಡವೆಂದರೆ ಕಾರು ನಿಲ್ಲಿಸಿ, ಬಾನೆಟ್ ತೆರೆದು ಬೆಲ್ಟನ್ನೇ ಬಿಚ್ಚಬೇಕಿತ್ತು!

ಇನ್ನು ಕೊಳವೆಯೊಳಗಿನ ದ್ರವದ ವಿಷಯ. ಹಿಂದೆ ಬಳಸುತ್ತಿದ್ದ ಆರ್-12, ಓಝೋನ್ ಪದರವನ್ನು ಕೊರೆಯುವ ಅನಿಲ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. 2010ರ ವೇಳೆಗೆ ಇಲ್ಲಿ ಆರ್-12ರ ಕಾಲ ಮುಗಿಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನನ್ನು ಮುಟ್ಟುವುದಿಲ್ಲ. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು. ಹಳೆಯ ಎ.ಸಿ. ಕಿಟ್ಟಿಗೆ ಹೊಸ ಅನಿಲವನ್ನು ಹಾಗೆಯೇ ತುಂಬುವುದೂ ಸಲ್ಲದು. ಹಳೆಯ ರಬ್ಬರ್ ಕೊಳವೆಗಳಿಂದ ಅದು ಸೋರುತ್ತದೆ. ಹಳೆಯ ಖನಿಜ ತೈಲದಲ್ಲಿ ಬೆರೆಯದ ಕಾರಣ ಕಂಪ್ರೆಸರ್ ಎಣ್ಣೆಯಿಲ್ಲದೆ ಸವೆಯುತ್ತದೆ. ರಿಪೇರಿಗೆ ಮುನ್ನ ಅನಿಲವನ್ನು ಫುಸ್ಸೆಂದು ಗಾಳಿಗೆ ಬಿಡುವವರನ್ನು ಕಂಡರೆ ತಡೆಯಿರಿ. ಅದನ್ನು ಹೀರಿ ಸಿಲಿಂಡರಿಗೆ ತುಂಬುವ ಯಂತ್ರಗಳಿವೆ.

ನಿಮ್ಮ ಮನೆಯ ಕಾರಿನ ಮಾತು ಬಂದಾಗ ಮೊದಲು ಕಡಿಮೆ ಖರ್ಚಿನ ಕೆಲಸಗಳನ್ನು ನೋಡಿ: ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ವೈರು ಹಾಯುವ ತೂತುಗಳನ್ನು ಮುಚ್ಚುವುದು, ನೆಲಕ್ಕೂ ಛಾವಣಿಗೂ ಉಷ್ಣ ತಡೆಯುವ ಹಾಸು. ಧಾರವಾಡದ ಸಂಜೆಗೆ ಮುಂಬಾಗಿಲಿನ ತ್ರಿಕೋನ ಗಾಜು ತಿರುಗಿಸಿದರೆ ಬರುವ ಗಾಳಿಯೇ ಸಾಕೆಂದು ನನಗನ್ನಿಸುತ್ತದೆ. ಇಷ್ಟಾದರೂ ಎ.ಸಿ. ಬೇಕೆಂದರೆ ಮೈಯನ್ನೆಲ್ಲೂ ಕತ್ತರಿಸದೆ, ಇರುವ ತೂತುಗಳಲ್ಲೇ ಬೋಲ್ಟ್ ಹಾಕಿ ಕೂಡಿಸಲು ಹೇಳಿ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಾಗದ ಕಾರಿಗೆ ಮಾತ್ರ ವಿಂಟೇಜ್ ನೋಂದಣಿ ಸಿಗುತ್ತದೆ. ಬಿಚ್ಚಿದ ಡೈನಮೊ, ಪುಲ್ಲಿ, ಬ್ರಾಕೆಟ್ಟುಗಳನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಚೀಟಿ ಅಂಟಿಸಿ, ಒಂದು ಪೆಟ್ಟಿಗೆಯಲ್ಲಿಡಿ.