ಕುಣಿತಕ್ಕೆ ಚಪ್ಪಾಳೆ, ಕಾಡಿಗೆ ಬೀಗ

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿ ಬೀದಿಯ ಬಂಧುಗಳೇ,

ಗಿರಿಜನರ ಸಂಸ್ಕೃತಿಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ನಮಗೆ ಅಪ್ಪಣೆಯಾಗಿದೆ. ಸಂಸ್ಕೃತಿಯೆಂದರೆ ವೀಣೆ, ಶಾಲು, ಹಾರ ತುರಾಯಿ ಎಂದು ತಿಳಿದವರಿದ್ದಾರೆ. ನಾವು ಅಷ್ಟು ದೂರ ಹೋಗುವುದಿಲ್ಲ. ನಿಮ್ಮ ಅಂಗಡಿಯ ಡಬ್ಬದಲ್ಲಿರುವ ಸೀಗೆಕಾಯಿ, ಒಣಗಿದ ನೆಲ್ಲಿಕಾಯಿ, ಸೀಸೆಯಲ್ಲಿರುವ ಜೇನು, ಇವುಗಳಿಂದಲೇ ಆರಂಭಿಸುತ್ತೇವೆ. ಇವನ್ನು ಬೆಟ್ಟದಿಂದ ಇಳಿಸಿದ ಕೈ ಯಾರದು? ಚಾಮರಾಜನಗರದ ಕಡೆಯ ಬಿಳಿಗಿರಿರಂಗನ ಬೆಟ್ಟದ ಸರಕಾದರೆ, ಅದು ಬಹುಮಟ್ಟಿಗೆ ಸೋಲಿಗರ ಕೈ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಬೆಟ್ಟದ ತಪ್ಪಲಿನ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದಾಗ, ವಾರ್ಷಿಕೋತ್ಸವಕ್ಕೆ ಸೋಲಿಗರ ಮಕ್ಕಳ ಕುಣಿತವನ್ನು ಏರ್ಪಡಿಸಿದ್ದೆವು. ಮಕ್ಕಳು ಒಗೆದ ಅಂಗಿ ತೊಟ್ಟು ಬಂದಿದ್ದರು. ನಾವು ಅದನ್ನು ಬಿಚ್ಚಿಸಿ, ಸೊಂಟಕ್ಕೆ ಸೊಪ್ಪು ಕಟ್ಟಿಸಿ, ಮುಖಕ್ಕೆ ಮಸಿ ಬಳಿಸಿದೆವು. ಗಣ್ಯರು ಚಪ್ಪಾಳೆ ತಟ್ಟಿದರು. ಮರುದಿನ ಒಬ್ಬ ಹುಡುಗ ಕೇಳಿದ: “ಮೇಷ್ಟ್ರೇ, ನಮ್ಮಪ್ಪ ಹಬ್ಬದ ದಿನ ಹೊಸ ಅಂಗಿ ಹಾಕ್ಕೊಂಡು ಕುಣೀತಾನೆ. ನಮಗ್ಯಾಕೆ ಸೊಪ್ಪು ಕಟ್ಟಿದ್ರಿ?” ನಮ್ಮಲ್ಲಿ ಉತ್ತರವಿರಲಿಲ್ಲ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಈಗ ಹುಡುಕುತ್ತಿದ್ದೇವೆ.

ಸೋಲಿಗರ ಸಂಸ್ಕೃತಿ ಇರುವುದು ಸೊಪ್ಪಿನಲ್ಲಲ್ಲ, ನೆಲದಲ್ಲಿ. ಅವರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ‘ಎಲ್ಲೆ’ ಉಂಟು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಹಿರಿಯರ ಕಲ್ಲುಗುಡಿ, ನೀರಿನ ಅಬ್ಬಿ, ಹೀಗೆ ಒಂದೊಂದಕ್ಕೂ ಗೊತ್ತಾದ ಜಾಗ ಉಂಟು. ಸೋಲಿಗರೂ ಸಂಶೋಧಕರೂ ಕೂಡಿ ನಡೆದು ನಕ್ಷೆ ಬರೆದಾಗ ಇಂಥ ಸ್ಥಳಗಳು 400ಕ್ಕೂ ಹೆಚ್ಚಾದುವು. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರವೇ ಅವರಿಗೊಂದು ದೇವಾಲಯ. ನಾವು ಬರಿಯ ಕಾಡು ಎನ್ನುವ ಕಡೆ ಅವರು ಮನೆಯ ವಿಳಾಸವನ್ನು ಓದುತ್ತಾರೆ.

ಬೆಟ್ಟದ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂದು ಅವರ ಕಥೆ. ಆದಕಾರಣ ದೇವರು ಅವರಿಗೆ ಬಾವ. ನಾವು ದೇವರ ಮುಂದೆ ಸಾಲುಗಟ್ಟಿ ನಿಂತು ನಡುಗುತ್ತೇವೆ; ಅವರು ಬಾವನೊಡನೆ ಸಲಿಗೆಯಿಂದ ಮಾತನಾಡುತ್ತಾರೆ. ಹುಡುಗ ಹುಡುಗಿ ಪರಸ್ಪರ ಮೆಚ್ಚಿ ಕಾಡಿಗೆ ಓಡಿಹೋದರೆ, ಹಿಂದಿರುಗಿದ ಮೇಲೆ ಕುಲದ ಹಿರಿಯರು ನ್ಯಾಯ ಸೇರಿ, ಸಣ್ಣದೊಂದು ತಪ್ಪುಕಾಣಿಕೆ ಹಾಕಿ, ಗಂಡಹೆಂಡಿರೆಂದು ಒಪ್ಪುವುದು ಅವರ ಹಳೆಯ ಪದ್ಧತಿ. ಮಗಳ ಮದುವೆಗೆ ಸಾಲ ಮಾಡಿ ಅಂಗಡಿಯನ್ನೇ ಅಡವಿಟ್ಟವರು ಈ ಸಭೆಯಲ್ಲಿರಬಹುದು. ಯಾರು ನಾಗರಿಕರು ಎಂದು ಅವರೇ ಹೇಳಲಿ.

ರಾಗಿ ಕೈಗೆ ಬಂದಮೇಲೆ ರೊಟ್ಟಿಹಬ್ಬ. ಹೊಸ ರಾಗಿಯ ರೊಟ್ಟಿ ಮೊದಲು ದೇವರಿಗೆ, ಆಮೇಲೆ ಕೂಡಿದ ಎಲ್ಲರಿಗೂ. ಗಂಡಸರು ಹೆಂಗಸರು ಕೂಡಿ ರಾತ್ರಿಯೆಲ್ಲ ಗೊರುಕನ ಹಾಡಿಕೊಂಡು ಕುಣಿಯುತ್ತಾರೆ. ಹೆಜ್ಜೇನು ಕಿತ್ತಾಗ ಎಲ್ಲವನ್ನೂ ಹೊತ್ತು ತರುವುದಿಲ್ಲ. ಹುಲಿ ಮರ ಹತ್ತಲಾರದೆಂದು ಅದರ ಪಾಲನ್ನು ನೆಲದ ಮೇಲೆ ಇಟ್ಟು ಬರುತ್ತಾರೆ. ಲಾಭಕ್ಕೊಂದು ಮಿತಿಯಿರಬೇಕೆಂದು ನಾವು ವೇದಿಕೆಯ ಮೇಲೆ ಕೂಗುತ್ತೇವೆ. ಅವರು ಕೂಗುವುದಿಲ್ಲ, ಪಾಲು ಇಟ್ಟು ಬರುತ್ತಾರೆ.

ಇಂಥ ಜನಕ್ಕೆ ಆದುದೇನು? 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಕಾಡು ಸವರಿ ಬಿತ್ತುವ ಬೇಸಾಯ ನಿಂತಿತು. ಜನರನ್ನು ಪೋಡುಗಳಲ್ಲಿ ಕೂಡಿಹಾಕಿದರು. ಬೇಸಗೆ ಬಲಿಯುವ ಮೊದಲೇ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದ ಪದ್ಧತಿಯೂ ಅಪರಾಧವಾಯಿತು. ಆ ಬೆಂಕಿ ನಿಂತ ಮೇಲೆಯೇ ಲಂಟಾನ ಕಾಡನ್ನು ಮುಚ್ಚಿತು, ನೆಲ್ಲಿಮರಕ್ಕೆ ಬದನಿಕೆ ಹತ್ತಿತು ಎಂದು ಹಿರಿಯರು ಹೇಳುತ್ತ ಬಂದರು, ಕೇಳುವವರಿರಲಿಲ್ಲ. 2002ರಲ್ಲಿ ವನ್ಯಜೀವಿ ಕಾಯಿದೆಗೆ ತಿದ್ದುಪಡಿಯಾಯಿತು. ಕೆಲವೇ ವರ್ಷಗಳಲ್ಲಿ ಅದರ ಹೆಸರು ಹೇಳಿ ಜೇನು, ನೆಲ್ಲಿ, ಸೀಗೆಗಳನ್ನು ಮಾರಾಟಕ್ಕೆ ತರುವುದನ್ನೂ ತಡೆದರು. ಗಿರಣಿಯ ಬಾಗಿಲಿಗೆ ಬೀಗ ಬಿದ್ದ ದಿನ ಒಲೆಯ ಸ್ಥಿತಿ ಏನಾಗುವುದೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಅದು ಕಾಡಿಗೆ ಬಿದ್ದ ಬೀಗ.

ಸೋಲಿಗರು ಸುಮ್ಮನಿರಲಿಲ್ಲ. ಸಂಘ ಕಟ್ಟಿದರು. 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು ಅರ್ಜಿ ಹಾಕಿದರು, ಆ ಎಲ್ಲೆಗಳ ನಕ್ಷೆಯನ್ನು ಮುಂದಿಟ್ಟರು. ದೇವರ ಜಾಗವೇ ದಾಖಲೆಯಾಯಿತು. ಬೆಟ್ಟ ಹುಲಿ ರಕ್ಷಿತಾರಣ್ಯವಾದ 2011ರಲ್ಲಿಯೇ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಜನರಿದ್ದರೆ ಹುಲಿ ಉಳಿಯದು ಎಂದವರಿದ್ದರು. 2010ರ ಎಣಿಕೆಯಲ್ಲಿ 35 ಇದ್ದ ಹುಲಿಗಳು 2014ರಲ್ಲಿ 68 ಎಂದು ಅಂದಾಜಾಯಿತು.

ಗಿರಿಜನರಲ್ಲಿ ಎಲ್ಲವೂ ಚಿನ್ನವೆಂದು ನಾವು ಹೇಳುವುದಿಲ್ಲ. ಬಡತನವಿದೆ, ಸಾಲವಿದೆ, ಕುಡಿತವಿದೆ, ನಮ್ಮಲ್ಲಿಯೂ ಇವೆ. ಶಾಲೆ, ಆಸ್ಪತ್ರೆ ಅವರಿಗೂ ಬೇಕು. ಡಾಕ್ಟರ್ ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ಗಿರಿಜನ ಕಲ್ಯಾಣ ಕೇಂದ್ರ ಔಷಧಿಯನ್ನೂ ಅಕ್ಷರವನ್ನೂ ಬೆಟ್ಟಕ್ಕೇ ಕೊಂಡೊಯ್ದಿತು. ಮದ್ದು ಬೇಕಾದರೆ ಕಾಡು ಬಿಡು ಎನ್ನಬೇಕಾದ ಅಗತ್ಯವಿಲ್ಲವೆಂಬುದು ಅದರಿಂದ ಸಿದ್ಧವಾಯಿತು.

ಮಗ್ಗವನ್ನು ಕಸಿದುಕೊಂಡು ನೇಕಾರನ ಹಾಡನ್ನು ಮಾತ್ರ ಉಳಿಸಲಾಗದು. ಕಾಡಿನ ಹಕ್ಕನ್ನು ಕಿತ್ತುಕೊಂಡು ಕುಣಿತಕ್ಕೆ ಬಹುಮಾನ ಕೊಟ್ಟರೆ, ನಾವು ಅಂದು ಆ ಮಕ್ಕಳಿಗೆ ಸೊಪ್ಪು ಕಟ್ಟಿದ ಕೆಲಸವನ್ನೇ ಸರ್ಕಾರದ ಖರ್ಚಿನಲ್ಲಿ ಮಾಡಿದಂತೆ.

ವ್ಯಾಪಾರಿ ಬಂಧುಗಳೇ, ಮುಂದಿನ ಸಲ ಜೇನು ಕೊಳ್ಳುವಾಗ ಕಿತ್ತವನಿಗೆ ಎಷ್ಟು ಸಿಕ್ಕಿತೆಂದು ವಿಚಾರಿಸಿರಿ. ಗಿರಿಜನರ ಸಹಕಾರ ಸಂಘದಿಂದ ಸಿಕ್ಕುವುದಾದರೆ ಅಲ್ಲಿಂದಲೇ ತರಿಸಿರಿ. ಕಾರ್ಮಿಕ ಸಂಗಾತಿಗಳೇ, ಯಾವುದೇ ಬೆಟ್ಟದ ಗ್ರಾಮಸಭೆ ತನ್ನ ಹಕ್ಕನ್ನು ಕೇಳಿ ಜಿಲ್ಲಾ ಕಚೇರಿಯ ಮುಂದೆ ನಿಂತರೆ, ನಿಮ್ಮ ಸಂಘದ ಬಾವುಟವೂ ಅಲ್ಲಿರಲಿ. ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಎಂದಾದರೂ ಎದುರಾದರೆ, ತಪ್ಪು ನಮ್ಮದೆಂದು ಹೇಳಿ ನಿನ್ನ ಅರ್ಜಿ ಎಲ್ಲಿಗೆ ಬಂತಪ್ಪ ಎಂದು ಕೇಳಬೇಕೆಂದಿದ್ದೇವೆ.